ನಾಯಕರು ಹೋದರು, ಕಲ್ಲುಗಳು ಉಳಿದಿವೆ: ರಾಯದುರ್ಗ, ಮಡಕಶಿರಾದ ಸೇನಾ ಪರಂಪರೆ



ಹಿಂದೆ ಅರಸನಿಗಾಗಿ ಕಾದಾಡಿದವನಿಗೆ ತಿಂಗಳ ಸಂಬಳವಿರಲಿಲ್ಲ. ಬದುಕಿದರೆ ಭೂಮಿ, ಸತ್ತರೆ ಕಲ್ಲು. ಈ ಲೆಕ್ಕಾಚಾರ ಅರ್ಥವಾದರೆ ಹಳೆಯ ಅನಂತಪುರ ಜಿಲ್ಲೆಯ ರಾಯದುರ್ಗ, ಮಡಕಶಿರಾ ಎರಡೂ ಸೀಮೆಗಳ ಚರಿತ್ರೆ ಅರ್ಧ ಅರ್ಥವಾದಂತೆ.

ಮೊದಲು ಮಡಕಶಿರಾ ಕಡೆಯ ಹೇಮಾವತಿ. ಹಿಂದಿನ ಹೆಸರು ಹೆಂಜೇರು. ಸುಮಾರು 8ನೇ ಶತಮಾನದಿಂದ ಬೆಳೆದ ನೊಳಂಬ ಅರಸರ ರಾಜಧಾನಿ ಇದು. ಅವರ ನಾಡು ‘ನೊಳಂಬವಾಡಿ 32000’ ಎಂದು ಶಾಸನಗಳಲ್ಲಿ ಬರುತ್ತದೆ. ಗಂಗರು, ರಾಷ್ಟ್ರಕೂಟರು, ಚಾಲುಕ್ಯರಂಥ ದೊಡ್ಡ ಅರಸರ ನಡುವೆ ಅವರು ಸಾಮಂತರಾಗಿ, ಕೆಲವೊಮ್ಮೆ ಎದುರಾಳಿಗಳಾಗಿ ಬಾಳಿದರು. 10ನೇ ಶತಮಾನದಲ್ಲಿ ಗಂಗ ಮಾರಸಿಂಹ ‘ನೊಳಂಬಕುಲಾಂತಕ’ ಎಂಬ ಬಿರುದು ಧರಿಸಿದ. ಆದರೂ ಕುಲ ಅಳಿಯಲಿಲ್ಲ. ಮುಂದೆ ಚಾಲುಕ್ಯರ ಕೆಳಗೆ ನೊಳಂಬರು ಮತ್ತೆ ಕಾಣಿಸಿಕೊಂಡರು. ಹೇಮಾವತಿಯ ದೊಡ್ಡೇಶ್ವರ ಗುಡಿಯನ್ನು ನೋಡಿದರೆ ಅವರ ಶಿಲ್ಪಿಗಳ ಕೈಚಳಕ ತಿಳಿಯುತ್ತದೆ.

ಯುದ್ಧದಲ್ಲಿ ಮಡಿದವನ ನೆನಪಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುವುದು. ಅವನ ಮನೆಯವರಿಗೆ ‘ಬಾಳ್ಗಚ್ಚು’, ಅಂದರೆ ಕತ್ತಿ ತೊಳೆದು ಕೊಟ್ಟ ಭೂಮಿ, ದೊರೆಯುತ್ತಿತ್ತು.

ಇನ್ನು ರಾಯದುರ್ಗ. ವಿಜಯನಗರದ ಕಾಲಕ್ಕೆ ಬಂದರೆ ಕೊಡುವ ಕ್ರಮ ಬೇರೆಯಾದರೂ ಲೆಕ್ಕ ಅದೇ. ನಾಯಕನಿಗೆ ಒಂದು ಸೀಮೆಯ ಹುಟ್ಟುವಳಿ. ಅದಕ್ಕೆ ಪ್ರತಿಯಾಗಿ ಅವನು ಇಷ್ಟು ಕುದುರೆ, ಇಷ್ಟು ಕಾಲಾಳುಗಳನ್ನು ಸಿದ್ಧವಾಗಿ ಇಟ್ಟಿರಬೇಕು. ಸೈನ್ಯದ ಬೀಡು ‘ಪಾಳೆಯ’, ಅದರ ಒಡೆಯ ‘ಪಾಳೆಯಗಾರ’. ರಾಯದುರ್ಗದ ಬೆಟ್ಟ ಮೊದಲು ಬೇಡ ನಾಯಕರ ನೆಲೆಯಾಗಿತ್ತು. ಅವರನ್ನು ಅಡಗಿಸಲು ಬಂದ ಭೂಪತಿರಾಯನಿಂದ ಬೆಟ್ಟಕ್ಕೆ ಆ ಹೆಸರು ಬಂತೆಂದು ಐತಿಹ್ಯ. 1565ರ ರಕ್ಕಸತಂಗಡಿ ಯುದ್ಧದ ನಂತರ ಕೇಂದ್ರದ ಹಿಡಿತ ಸಡಿಲವಾಗಿ ಇಂಥ ನಾಯಕರೇ ಸಣ್ಣ ದೊರೆಗಳಾದರು. ರಾಯದುರ್ಗದ ನಾಯಕ ಹೈದರಾಲಿಯೊಂದಿಗೆ ಸ್ನೇಹದಿಂದಿದ್ದ. ಟಿಪ್ಪುವಿನ ಕಾಲದಲ್ಲಿ ಕೋಟೆ ಕೈಬಿಟ್ಟು, ನಾಯಕ ಶ್ರೀರಂಗಪಟ್ಟಣದ ಸೆರೆ ಸೇರಿದ.

1800ರಲ್ಲಿ ನಿಜಾಮ ಈ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಎದುರಿಸಿದ್ದು ಸುಮಾರು 80 ಪಾಳೆಯಗಾರರನ್ನು. ಅವರ ಸೈನ್ಯ ಚದುರಿತು, ಭೂಮಿಗೆ ಕಂದಾಯ ಬಿತ್ತು, ಹಲವರು ಪಿಂಚಣಿದಾರರಾದರು. ಭೂಮಿ ಕೊಟ್ಟು ಸೈನಿಕನನ್ನು ಸಾಕುವ ಪದ್ಧತಿ ಅಲ್ಲಿಗೆ ಮುಗಿಯಿತು.

ಆಮೇಲೆ ಗಡಿಗಳು ಸರಿದವು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರಾ ಅದಕ್ಕೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿದು, 1953ರಲ್ಲಿ ಆಂಧ್ರಕ್ಕೆ ಹೋಯಿತು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಲ್ಲು ಮಾತ್ರ ಇದ್ದಲ್ಲೇ ಇದೆ. ಅದರ ಮೇಲಿನ ಕನ್ನಡವೂ ಇದ್ದಲ್ಲೇ ಇದೆ.

ಸೇನಾ ಮನೆತನಗಳು ಮರೆಯಾದದ್ದು ನಮ್ಮಲ್ಲಿ ಮಾತ್ರವಲ್ಲ. ಆಸ್ಟ್ರಿಯಾ 1919ರಲ್ಲಿ ಕಾನೂನು ಮಾಡಿ ಕುಲೀನರ ಬಿರುದುಗಳನ್ನೇ ರದ್ದುಗೊಳಿಸಿತು. ಆದರೆ ಬಿರುದಿನ ಜೊತೆ ನೆನಪನ್ನು ಎಸೆಯಲಿಲ್ಲ. 1914ರಲ್ಲಿ ಯುವರಾಜ ಫ್ರಾಂಜ್ ಫರ್ಡಿನೆಂಡ್ ಗುಂಡೇಟಿಗೆ ಬಲಿಯಾದಾಗ ಕುಳಿತಿದ್ದ ಕಾರನ್ನು ವಿಯೆನ್ನಾದ ಸೇನಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಯಾರು ಬೇಕಾದರೂ ನೋಡಬಹುದು. ನಮ್ಮ ಕಡೆ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರನ ಹೆಸರು ಅವನ ಊರಿನ ಮಕ್ಕಳಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ನಮ್ಮದೊಂದು ಕೋರಿಕೆ. ಆ ಕಡೆ ನಂಟರ ಮನೆಗೆ ಹೋದಾಗ ಊರಿನ ವೀರಗಲ್ಲನ್ನು ಒಮ್ಮೆ ನೋಡಿ ಬನ್ನಿ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರಗಳು ಎದ್ದು ಕಾಣುತ್ತವೆ. ಸುಣ್ಣ, ಬಣ್ಣ ಬಳಿಯಬೇಡಿ, ಕೆರೆಯಬೇಡಿ. ಊರು ಮತ್ತು ಕಲ್ಲು ಇರುವ ಜಾಗದ ಹೆಸರು ಬರೆದಿಡಿ. ತೆಲುಗು ಗೆಳೆಯರನ್ನೂ ಕರೆದೊಯ್ಯಿರಿ. ಆ ಕಾಲದಲ್ಲಿ ಎರಡೂ ಭಾಷೆಗಳ ಲಿಪಿ ಹೆಚ್ಚುಕಡಿಮೆ ಒಂದೇ. ಊರಿಗಾಗಿ ಸತ್ತವನಿಗೆ ಊರು ಕೊಟ್ಟ ಮಾತು ಆ ಕಲ್ಲಿನಲ್ಲಿದೆ. ಅದನ್ನು ಓದುವವರು ಇರುವವರೆಗೆ ಮಾತು ಉಳಿದಂತೆ.