ಒಂದು ಸಮ ಚಿಹ್ನೆ ಹೆಚ್ಚಾದರೆ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಬಿಲ್ಡ್ ಆದ ಸಾಫ್ಟ್‌ವೇರ್, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಅರ್ಧಂಬರ್ಧ ಆಗ್ತಿದೆಯಾ? ಸ್ಕ್ರಿಪ್ಟಿನ ಮೊದಲ ಸಾಲು ನೋಡಿ. ಅಲ್ಲಿ ಬಿನ್ ಎಸ್‌ಎಚ್ ಅಂತ ಇದ್ದರೆ, ಆ ಹೆಸರಿನ ಹಿಂದೆ ಯಾವ ಶೆಲ್ ಕೂತಿದೆ ಅನ್ನೋದು ಎಲ್ಲ ಸಿಸ್ಟಮ್ಮಿನಲ್ಲೂ ಒಂದೇ ಅಲ್ಲ.

ಬಹಳ ಕಾಲ ಲಿನಕ್ಸಿನಲ್ಲಿ ಆ ಹೆಸರಿನ ಹಿಂದೆ ಹೆಚ್ಚಾಗಿ ಬ್ಯಾಶ್ ಇರುತ್ತಿತ್ತು. 2006ರಲ್ಲಿ ಉಬುಂಟು 6.10 ಆ ಜಾಗಕ್ಕೆ ಡ್ಯಾಶ್ ಎಂಬ ಶೆಲ್ ತಂದಿತು. ಚಿಕ್ಕದು, ಚುರುಕು, ಕಂಪ್ಯೂಟರ್ ಬೇಗ ಬೂಟ್ ಆಗಲಿ ಅಂತ. ಬ್ಯಾಶ್ ಕೊಟ್ಟ ಸಲುಗೆಯಲ್ಲಿ ಬರೆದಿದ್ದ ಎಷ್ಟೋ ಸ್ಕ್ರಿಪ್ಟುಗಳು ಎಡವಿದವು.

ಹತ್ತಿರದಿಂದ ನೋಡೋಣ. ಚೌಕ ಆವರಣದೊಳಗೆ ಎರಡು ಪದ ಒಂದೇನಾ ಅಂತ ಹೋಲಿಸಲು ಶೆಲ್‌ಗಳ ಮಾನದಂಡವಾದ ಪಾಸಿಕ್ಸ್ ಬಹುಕಾಲ ಹೇಳುತ್ತಾ ಬಂದದ್ದು ಒಂದೇ ಸಮ ಚಿಹ್ನೆ. ಬ್ಯಾಶ್ ಎರಡು ಹಾಕಿದರೂ ಒಪ್ಪುತ್ತದೆ. ಉಬುಂಟುವಿನ ಡ್ಯಾಶ್ ಒಪ್ಪಲಿಲ್ಲ. 'ಅನಿರೀಕ್ಷಿತ ಆಪರೇಟರ್' ಅಂತ ಒಂದು ಸಾಲು ಗೊಣಗಿ, ಷರತ್ತು ಸುಳ್ಳು ಅಂದುಕೊಂಡು ಮುಂದಕ್ಕೆ ಹೋಯಿತು. ನನಗೆ ದಿಗಿಲು ಹುಟ್ಟಿಸುವುದು ಇದೇ. ಬಿಲ್ಡ್ ನಿಲ್ಲುವುದಿಲ್ಲ. ಬಿಲ್ಡಿಗೆ ಮುಂಚೆ ಓಡುವ ಕಾನ್ಫಿಗರ್ ಸ್ಕ್ರಿಪ್ಟ್ ಸುರಿಸುವ ನೂರಾರು ಸಾಲುಗಳ ನಡುವೆ ಆ ದೂರು ಕಣ್ತಪ್ಪುತ್ತದೆ, ನೀವು ಕೇಳಿದ ಸೌಲಭ್ಯವೊಂದು ಸದ್ದಿಲ್ಲದೆ ಬಿಟ್ಟುಹೋಗಿರುತ್ತದೆ.

ಎಕೋ ಮೈನಸ್ ಇ ಕೂಡ ಹಾಗೆಯೇ. ಡ್ಯಾಶ್‌ನಲ್ಲಿ ಆ ಮೈನಸ್ ಇ ಔಟ್‌ಪುಟ್ಟಿಗೇ ಬಂದು ಕೂರುತ್ತದೆ. ಅದರ ಬದಲು ಪ್ರಿಂಟ್‌ಎಫ್ ಬಳಸಿ. ಬ್ಯಾಶ್ ಸೌಲಭ್ಯವೇ ಬೇಕೆಂದರೆ ಮೊದಲ ಸಾಲಿನಲ್ಲಿ ಬ್ಯಾಶ್ ಅಂತಲೇ ಬರೆಯಿರಿ. ಇಲ್ಲವಾದರೆ ಕಳಿಸುವ ಮುಂಚೆ ಡ್ಯಾಶ್‌ನಲ್ಲಿ ಒಮ್ಮೆ ಓಡಿಸಿ, ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್‌ಗೂ ಒಮ್ಮೆ ತೋರಿಸಿ.