ಮಸರಕಲ್ಲಿನ ಭಾಗಣ್ಣ
(ಬಾನುಲಿ ಭಾಷಣದ ಬರಹರೂಪ)

ಬಾಳಿನುದ್ದಕ್ಕೂ ನಿಮ್ಮೊಡನೆ ಬಂದ ಕವಿ ಯಾರು ಎಂದು ಕೇಳಿದರೆ, ಕನ್ನಡ ಅಧ್ಯಾಪಕನಾಗಿದ್ದವನು ಪಂಪನನ್ನೋ ಕುಮಾರವ್ಯಾಸನನ್ನೋ ಹೆಸರಿಸಬೇಕೆಂಬುದು ಸಾಮಾನ್ಯ ನಿರೀಕ್ಷೆ. ಅವರ ಹಿರಿಮೆಗೆ ತಲೆಬಾಗಿಯೇ ನಾನು ಬೇರೊಂದು ಹೆಸರನ್ನು ಹೇಳುತ್ತೇನೆ. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ಹುಟ್ಟಿ, ಗೋಪಾಲವಿಠಲ ಎಂಬ ಅಂಕಿತದಲ್ಲಿ ಹಾಡಿದ ಗೋಪಾಲದಾಸರು ಅವರು. ಅವರ ಮನೆಯ ಹೆಸರು ಭಾಗಣ್ಣ. ‘ಭಕ್ತಿಯಲ್ಲಿ ಭಾಗಣ್ಣ’ ಎಂಬ ಮಾತು ನಮ್ಮ ಸೀಮೆಯ ಹಿರಿಯರ ನಾಲಗೆಯ ಮೇಲೆ ಇಂದಿಗೂ ಉಳಿದಿದೆ.

16ನೆಯ ಶತಮಾನದಲ್ಲಿ ಪುರಂದರದಾಸ, ಕನಕದಾಸರಿಂದ ತುಂಬಿ ಹರಿದ ದಾಸಸಾಹಿತ್ಯವು ಮತ್ತೊಮ್ಮೆ ಉಕ್ಕಿದ್ದು 18ನೆಯ ಶತಮಾನದಲ್ಲಿ, ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆನಾಡಿನಲ್ಲಿ. ಚೀಕಲಪರವಿಯ ವಿಜಯದಾಸರು (1682–1755) ಗುರು. ಅವರ ಶಿಷ್ಯರು ಗೋಪಾಲದಾಸರು. ಗೋಪಾಲದಾಸರಿಂದ ಬದುಕನ್ನೂ ಮಾರ್ಗವನ್ನೂ ಪಡೆದವರು ಬ್ಯಾಗವಟ್ಟಿಯಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809). ಇಷ್ಟು ಚಿಕ್ಕ ಪ್ರದೇಶದಲ್ಲಿ ಮೂರು ತಲೆಮಾರಿನ ವಾಗ್ಗೇಯಕಾರರು ಒಬ್ಬರ ಕೈಹಿಡಿದು ಒಬ್ಬರು ಬಂದದ್ದು ಸಾಹಿತ್ಯಚರಿತ್ರೆಯಲ್ಲಿ ಅಪರೂಪದ ಸಂಗತಿ.

ಭಾಗಣ್ಣನವರ ಬಾಲ್ಯ ಸುಖದ್ದಲ್ಲ. ತಂದೆ ಬೇಗ ತೀರಿಕೊಂಡರೆಂದೂ, ದಾಯಾದಿಗಳಿಂದ ಆಸ್ತಿ ಕಳೆದು ತಾಯಿಯೂ ಮಕ್ಕಳೂ ಊರು ಬಿಡಬೇಕಾಯಿತೆಂದೂ ಪರಂಪರೆ ಹೇಳುತ್ತದೆ. ಮುಂದೆ ಅವರು ನೆಲೆನಿಂತ ಉತ್ತನೂರು ಇಂದು ತೆಲಂಗಾಣದ ಗದ್ವಾಲ ಸೀಮೆಗೆ ಸೇರಿದ್ದರೂ ಅದೇ ಎರಡು ನದಿಗಳ ನಡುವಿನ ನೆಲವೇ ಆಗಿದೆ. ಅವರ ಮೂವರು ತಮ್ಮಂದಿರೂ ಅಂಕಿತ ಪಡೆದು ಹಾಡಿದರು. ಹೆಳವನಕಟ್ಟೆ ಗಿರಿಯಮ್ಮನ ಕಾವ್ಯಜೀವನಕ್ಕೆ ಅವರ ಅನುಗ್ರಹವಿತ್ತೆಂಬ ಪ್ರತೀತಿಯೂ ಇದೆ. 1762ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಸುಮಾರು 40.

ಈ ನಲವತ್ತರ ಸುತ್ತ ಒಂದು ಐತಿಹ್ಯ ಹೆಣೆದುಕೊಂಡಿದೆ. ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ವಿದ್ವಾಂಸರು. ಕನ್ನಡದಲ್ಲಿ ಹಾಡುತ್ತ ಬಂದ ವಿಜಯದಾಸರನ್ನು ಅವರು ಕಡೆಗಣಿಸಿದರಂತೆ. ಬಳಿಕ ಉದರವ್ಯಾಧಿಯಿಂದ ನರಳಿ, ಉತ್ತನೂರಿಗೆ ಹೋಗೆಂಬ ಆದೇಶ ಪಡೆದರಂತೆ. ಗೋಪಾಲದಾಸರು ಗುರುವಿನ ಮಾತಿನಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಆ ರೋಗಿಗೆ ಧಾರೆಯೆರೆದರಂತೆ. ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾಗಿ, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದರು.

ಎಂ.ಎ. ಮುಗಿಸಿ ಬಂದ ಹೊಸತರಲ್ಲಿ ಈ ಕಥೆ ನನಗೆ ನಗೆಪಾಟಲಿನ ವಸ್ತುವಾಗಿತ್ತು. ಹಳಗನ್ನಡದ ಪ್ರೌಢಿಮೆಯಲ್ಲಿ ಮುಳುಗಿದ್ದ ನಾನು, ದಾಸರ ಪದಗಳು ಭಜನೆಗೆ ಸರಿ, ಕಾವ್ಯವಿಚಾರಕ್ಕೆ ಸಲ್ಲವೆಂದು ತರಗತಿಯಲ್ಲಿಯೂ ಹೇಳಿದ್ದುಂಟು. ಶ್ರೀನಿವಾಸಾಚಾರ್ಯರು ಮಾಡಿದರೆನ್ನುವ ತಪ್ಪನ್ನೇ ಇನ್ನೂರು ವರ್ಷಗಳ ಮೇಲೆ ನಾನೂ ಮಾಡುತ್ತಿದ್ದೆನೆಂಬುದು ಆಗ ಹೊಳೆಯಲಿಲ್ಲ.

ನನ್ನ ತಂದೆಯವರು ಕಾಯಿಲೆ ಬಿದ್ದು ರಾಯಚೂರಿನಲ್ಲಿ ಆಸ್ಪತ್ರೆ ಸೇರಿದ್ದರು. ರಾತ್ರಿ ಸರತಿಯಂತೆ ನಾನೂ ಅಕ್ಕನೂ ಕೂರುತ್ತಿದ್ದೆವು. ಅಕ್ಕ ಪ್ರತಿರಾತ್ರಿ ಮೆಲುದನಿಯಲ್ಲಿ ಧನ್ವಂತರಿಯ ಮೇಲಿನ ಗೋಪಾಲದಾಸರ ಪದವನ್ನು ಹೇಳಿಕೊಳ್ಳುತ್ತಿದ್ದಳು. ಜಗನ್ನಾಥದಾಸರ ಸಲುವಾಗಿ ಹಾಡಿದ ಪದವದು. ಒಂದು ರಾತ್ರಿ ನಾನು ಸ್ವಲ್ಪ ಬೇಸರದಿಂದಲೇ, ಇದರಿಂದ ಏನಾಗುತ್ತದೆ ಎಂದೆ. ಅವಳು ಸಿಟ್ಟಾಗಲಿಲ್ಲ. “ತಮ್ಮಾ, ಏನಾಗತದೋ ನನಗೂ ಗೊತ್ತಿಲ್ಲ. ಇನ್ನೊಬ್ಬರ ಸಲುವಾಗಿ ಹ್ಯಾಂಗ ಬೇಡಬೇಕು ಅನ್ನೋದು ಇದರಾಗ ಅದ” ಎಂದಳು.

ಆ ಮಾತಿನ ಮೇಲೆ ಪದವನ್ನು ಮೊದಲ ಬಾರಿಗೆ ಓದುಗನಾಗಿ ಕೇಳಿದೆ. ಹಾಡುವವನು ತನಗೆಂದು ಏನನ್ನೂ ಕೇಳುವುದಿಲ್ಲ. ರೋಗಿಯ ವಿದ್ವತ್ತನ್ನಾಗಲಿ ಪುಣ್ಯವನ್ನಾಗಲಿ ಮುಂದಿಡದೆ, ಇವನು ಇನ್ನೂ ಚಿಕ್ಕವನು ಎಂಬ ಭಾವದಿಂದ ದೈನ್ಯದಲ್ಲಿ ವಾದಿಸುತ್ತಾನೆ. ವಯಸ್ಸಿನಲ್ಲಿ ಗೋಪಾಲದಾಸರು ಜಗನ್ನಾಥದಾಸರಿಗಿಂತ ಸುಮಾರು ಆರು ವರ್ಷ ಮಾತ್ರ ಹಿರಿಯರು. ಆದರೂ ಅಲ್ಲಿ ಕೇಳಿಬರುವುದು ತಾಯಿಯ ದನಿ. ತನ್ನ ಗುರುವನ್ನು ಹಳಿದವನೆಂಬ ನೆನಪಿನ ಕಹಿ ಎಲ್ಲಿಯೂ ಇಲ್ಲ. ಆಯುರ್ದಾನವನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ಆದರೆ ಇಂಥ ಪದವನ್ನು ಹಾಡಿದವನ ಬಗ್ಗೆ ಜನ ಅಂಥ ಕಥೆಯನ್ನು ಕಟ್ಟಿದ್ದು ಸಹಜವೇ ಆಗಿದೆ. ಐತಿಹ್ಯವು ಇಲ್ಲಿ ಜನಸಮುದಾಯ ಬರೆದ ಕಾವ್ಯವಿಮರ್ಶೆ ಎಂದೇ ನನ್ನ ತಿಳಿವಳಿಕೆ.

ತಂದೆ ಉಳಿಯಲಿಲ್ಲ. ಪದ ನನ್ನಲ್ಲಿ ಉಳಿಯಿತು. ಅಲ್ಲಿಂದ ಮುಂದೆ ಅವರ ಸುಳಾದಿಗಳನ್ನು ಓದತೊಡಗಿದೆ. ಸುಳಾದಿಯೆಂದರೆ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮೊದಲಾದ ತಾಳಗಳು ಒಂದಾದ ಮೇಲೊಂದು ಬರುವ ದೀರ್ಘರಚನೆ. ಕೊನೆಯಲ್ಲಿ ಜತೆಯೆಂಬ ಕಿರುನುಡಿ. ತಾಳ ಬದಲಾದಂತೆ ವಿಚಾರದ ನಡೆಯೂ ಬದಲಾಗುತ್ತದೆ. ತತ್ತ್ವ ನಿರೂಪಣೆ, ಸಂದೇಹ, ಆತ್ಮನಿಂದೆ, ಶರಣಾಗತಿ ಇವೆಲ್ಲ ಒಂದೇ ರಚನೆಯಲ್ಲಿ ಇಳಿದು ಏರುತ್ತವೆ. ಕಣ್ಣಿನಿಂದ ಮಾತ್ರ ಓದಿದವನಿಗೆ ಇದು ಪುನರುಕ್ತಿಯಂತೆ ತೋರಬಹುದು. ಬಾಯಿಬಿಟ್ಟು ಓದಿದರೆ ಪುನರುಕ್ತಿಯೇ ಉಸಿರಾಟವೆಂದು ತಿಳಿಯುತ್ತದೆ.

ಈ ರಚನೆಗಳು ನಮ್ಮವರೆಗೆ ಬಂದದ್ದು ಬಹುಮಟ್ಟಿಗೆ ಕಂಠಪಾಠದಿಂದ, ಮನೆಮನೆಯ ಹಸ್ತಪ್ರತಿಗಳಿಂದ. ನಿಜಾಮರ ಆಳ್ವಿಕೆಯಲ್ಲಿ, 1948ರವರೆಗೆ, ಶಾಲೆಯ ವಿದ್ಯೆ ಉರ್ದುವಿನಲ್ಲಿ ನಡೆದಾಗ ನಮ್ಮ ಭಾಗದ ಕನ್ನಡವನ್ನು ಕಾಪಾಡಿದ್ದು ಭಜನೆ, ವಚನ, ತತ್ತ್ವಪದಗಳ ಈ ನಾಲಗೆಯ ಪಾಠಶಾಲೆಯೇ. ಲಿಂಗಸುಗೂರಿನ ಗೋರಬಾಳ ಹನುಮಂತರಾಯರು ಊರೂರು ಅಲೆದು ಹಾಡುಗಳನ್ನು ಕಲೆಹಾಕಿ ಅಚ್ಚು ಹಾಕಿಸದಿದ್ದರೆ ಎಷ್ಟೋ ಪದಗಳು ಹಾಡುವವರೊಂದಿಗೇ ಮಣ್ಣಾಗುತ್ತಿದ್ದವು. ಅಕ್ಕನ ಬಾಯಿಯ ಪಾಠಕ್ಕೂ ಅಚ್ಚಿನ ಪಾಠಕ್ಕೂ ಒಂದೆರಡು ಕಡೆ ವ್ಯತ್ಯಾಸವಿತ್ತು. ಮೊದಲು ಅವಳನ್ನು ತಿದ್ದುತ್ತಿದ್ದೆ. ಆಮೇಲೆ ಅವಳ ಪಾಠವನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳತೊಡಗಿದೆ.

ಕವಿಯೊಬ್ಬನನ್ನು ಮೆಚ್ಚುವುದೆಂದರೆ ಅವನ ಗುಣಗಳ ಪಟ್ಟಿ ಮಾಡುವುದಷ್ಟೇ ಅಲ್ಲ. ಅವನೆದುರು ನಾವು ತಪ್ಪಿದ್ದನ್ನು ಒಪ್ಪಿಕೊಳ್ಳುವುದೂ ಹೌದು. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಪದವೊಂದನ್ನು ಗುನುಗುತ್ತಿದ್ದರೆ ಒಂದು ಗಳಿಗೆ ಹತ್ತಿರ ಕುಳಿತು ಕೇಳಿರಿ, ಸಾಧ್ಯವಾದರೆ ಬರೆದಿಡಿರಿ. ಅಂಕಿತ ಯಾರದೆಂಬುದನ್ನು ಆಮೇಲೆ ನೋಡಿದರಾಯಿತು.