ಉದ್ದಗೂದಲಿನವರ ಜೊತೆ ಹಿರಿಯರ ಹಾಡು

ಅಮೆರಿಕದ ಹಳ್ಳಿಗಾಡಿನಲ್ಲಿ ಬೆಳೆದ ಕಂಟ್ರಿ ಸಂಗೀತಕ್ಕೆ ನ್ಯಾಶ್‌ವಿಲ್ ನಗರವೇ ರಾಜಧಾನಿ. 1971ರ ಆಗಸ್ಟ್‌ನಲ್ಲಿ ‘ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್’ ಎಂಬ ಯುವಕರ ತಂಡ ಅಲ್ಲಿನ ಹಿರಿಯರೊಡನೆ ಹಾಡಲೆಂದು ಬಂದಿಳಿಯಿತು. ವಿಯೆಟ್ನಾಂ ಯುದ್ಧದ ದಿನಗಳವು. ಉದ್ದಗೂದಲು ಕಂಡರೆ ಹಳಬರು ಮುಖ ಸಿಂಡರಿಸುತ್ತಿದ್ದ ಕಾಲ. ಬಿಲ್ ಮನ್ರೋ ಬರಲೊಪ್ಪಲಿಲ್ಲ. ರಾಯ್ ಅಕಫ್ ಕೂಡ ಮೊದಲು ಅನುಮಾನಿಸಿದರು. ಮುದ್ರಿಸಿಕೊಂಡಿದ್ದ ಹಾಡುಗಳನ್ನು ಕೇಳಿದ ಮೇಲೆ ತಾವೂ ಹಾಡಿದರು. ಮೇಬೆಲ್ ಕಾರ್ಟರ್, ಅರ್ಲ್ ಸ್ಕ್ರಗ್ಸ್ ಜೊತೆಗೂಡಿದರು.

1972ರಲ್ಲಿ ಮೂರು ಧ್ವನಿತಟ್ಟೆಗಳಾಗಿ ಹೊರಬಂದ ‘ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್’ ಆಲ್ಬಂನಲ್ಲಿ ಹಾಡುಗಳಷ್ಟೇ ಸೊಗಸಾದುದು ನಡುನಡುವಿನ ಮಾತು. ಅಂಧ ಗಿಟಾರ್ ವಾದಕ ಡಾಕ್ ವಾಟ್ಸನ್ ತಮ್ಮ ಮಗನಿಗೆ ಮರ್ಲ್ ಎಂದು ಹೆಸರಿಟ್ಟದ್ದು ಮರ್ಲ್ ಟ್ರಾವಿಸ್ ಮೇಲಿನ ಅಭಿಮಾನದಿಂದ. ಅವರಿಬ್ಬರ ಮೊದಲ ಭೇಟಿ ಈ ಸ್ಟುಡಿಯೋದಲ್ಲೇ ಆಯಿತು. ಆ ಮಾತುಕತೆಗೆ, ಪುಣ್ಯಕ್ಕೆ, ಯಾರೂ ಕತ್ತರಿ ಹಾಕಲಿಲ್ಲ.